ನ್ಯೂಟ್ರಿನೊ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ಕೋಲಾರದ ಗಣಿಯಿಂದ ಇವತ್ತಿನ ಪ್ರಯೋಗಗಳವರೆಗೆ

ಕಾಲೇಜುಗಳಲ್ಲಿ ಉಪನ್ಯಾಸ ಮುಗಿಸಿ ವೇದಿಕೆ ಇಳಿದ ಮೇಲೆ, ಮನೆಗೆ ಬಂದ ಪತ್ರಗಳಲ್ಲಿ, ಲೇಖನಗಳ ಕೆಳಗೆ ಓದುಗರು ಬರೆದದ್ದರಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ವಿಷಯ ಹೊಸತಾಗಿದ್ದರೆ ಮೇಲಿಂದ ಶುರುಮಾಡಿದರೆ ಸಲೀಸು.

## ಮೊದಲ ಮೆಟ್ಟಿಲು

ನ್ಯೂಟ್ರಿನೊ ಅಂದ್ರೆ ಏನು? ನ್ಯೂಟ್ರಾನ್‌ನ ತಮ್ಮನಾ?

ಹೆಸರು ಕೇಳಿದರೆ ಹಾಗನ್ನಿಸುತ್ತದೆ, ಆದರೆ ಕುಲವೇ ಬೇರೆ. ನ್ಯೂಟ್ರಾನ್ ಪರಮಾಣುವಿನ ನ್ಯೂಕ್ಲಿಯಸ್‌ನಲ್ಲಿರುವ ಭಾರದ ಕಣ, ಅದರೊಳಗೆ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳಿವೆ. ನ್ಯೂಟ್ರಿನೊ ಹಾಗಲ್ಲ, ಅದೇ ಒಂದು ಮೂಲಕಣ. ಎಲೆಕ್ಟ್ರಾನ್‌ನ ಬಳಗಕ್ಕೆ ಸೇರಿದ್ದು. ಎಲೆಕ್ಟ್ರಾನ್‌ಗಿರುವ ವಿದ್ಯುದಾವೇಶ ಇದಕ್ಕಿಲ್ಲ, ತೂಕವಂತೂ ಇದೆಯೋ ಇಲ್ಲವೋ ಅನ್ನುವಷ್ಟು ಕಡಿಮೆ.

ಅದು ಭೌತವಿಜ್ಞಾನಕ್ಕೆ ಬಂದದ್ದು ಲೆಕ್ಕ ತಪ್ಪಿದ್ದರಿಂದ. ಕೆಲವು ನ್ಯೂಕ್ಲಿಯಸ್‌ಗಳು ಎಲೆಕ್ಟ್ರಾನ್ ಉಗುಳಿ ಬೇರೊಂದಾಗಿ ಬದಲಾಗುವಾಗ ಶಕ್ತಿಯ ಜಮಾ ಖರ್ಚು ತಾಳೆಯಾಗುತ್ತಿರಲಿಲ್ಲ. ಪ್ರತಿ ಸಲವೂ ಒಂದಿಷ್ಟು ಶಕ್ತಿ ಕಾಣೆ. 1930ರ ಡಿಸೆಂಬರಿನಲ್ಲಿ ವೋಲ್ಫ್‌ಗಾಂಗ್ ಪೌಲಿ ಸಹೋದ್ಯೋಗಿಗಳಿಗೆ ಪತ್ರ ಬರೆದು, ಕಣ್ಣಿಗೆ ಬೀಳದ ಕಣವೊಂದು ಆ ಶಕ್ತಿಯನ್ನು ಹೊತ್ತೊಯ್ಯುತ್ತಿರಬಹುದು ಎಂದು ಸೂಚಿಸಿದರು. ಎನ್ರಿಕೊ ಫರ್ಮಿ ಅದನ್ನು ಸಿದ್ಧಾಂತವಾಗಿ ಬೆಳೆಸಿದರು. ಕಣ ನಿಜವಾಗಿ ಸಿಕ್ಕಿದ್ದು 1956ರಲ್ಲಿ. ಅಮೆರಿಕದ ಸವಾನಾ ರಿವರ್ ರಿಯಾಕ್ಟರ್ ಪಕ್ಕದಲ್ಲಿ ಫ್ರೆಡ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಅದನ್ನು ಗುರುತಿಸಿದರು. ಕಾಗದದ ಮೇಲೆ ಹುಟ್ಟಿದ ಕಣ ಕೈಗೆ ಸಿಗಲು 26 ವರ್ಷ ಬೇಕಾಯಿತು.

ನಮ್ಮ ಮೈಯೊಳಗೆ ಕೋಟಿಗಟ್ಟಲೆ ಹಾದುಹೋಗ್ತವೆ ಅಂತಾರೆ. ಮಕ್ಕಳಿಗೆ ತೊಂದರೆ ಇಲ್ವಾ?

ಇಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತವೆ. ಹಗಲು ತಲೆಯ ಮೇಲಿಂದ ಬಂದರೆ, ರಾತ್ರಿ ಇಡೀ ಭೂಮಿಯನ್ನು ತೂರಿಕೊಂಡು ಹಾಸಿಗೆಯ ಕೆಳಗಿಂದ ಬರುತ್ತವೆ. ತಾಗಿದರೆ ತಾನೇ ತೊಂದರೆ? ಅವು ತಾಗುವುದೇ ಇಲ್ಲ. ಇನ್ನೊಂದು ಸಂಗತಿ: ಬಾಳೆಹಣ್ಣು, ಎಳನೀರಿನಿಂದ ನಮ್ಮ ದೇಹಕ್ಕೆ ಸೇರುವ ಪೊಟ್ಯಾಸಿಯಂನಲ್ಲಿ ಸ್ವಲ್ಪ ಪಾಲು ಸಹಜವಾಗಿಯೇ ವಿಕಿರಣಶೀಲ. ಅದರಿಂದಾಗಿ ನಾವೆಲ್ಲರೂ ದಿನಕ್ಕೆ 30 ಕೋಟಿಗೂ ಹೆಚ್ಚು ನ್ಯೂಟ್ರಿನೊಗಳನ್ನು ಹೊರಸೂಸುತ್ತಿರುತ್ತೇವೆ.

ಯಾವುದಕ್ಕೂ ತಾಗದ ಕಣವನ್ನು ಹಿಡಿಯೋದಾದ್ರೂ ಹೇಗೆ?

'ಯಾವುದಕ್ಕೂ' ಅಂದದ್ದು ಸ್ವಲ್ಪ ಹೆಚ್ಚಾಯಿತು. ಕೋಟಿ ಕೋಟಿಗಳಲ್ಲಿ ಒಂದು ತಾಗುತ್ತದೆ. ಆ ಒಂದಕ್ಕಾಗಿ ದೊಡ್ಡ ಪಾತ್ರೆ ಇಟ್ಟುಕೊಂಡು ವರ್ಷಗಟ್ಟಲೆ ಕಾಯಬೇಕು.

ಜಪಾನಿನ ಕಾಮಿಯೋಕಾದಲ್ಲಿ, ಬೆಟ್ಟದ ಒಂದು ಸಾವಿರ ಮೀಟರ್ ಕೆಳಗೆ, ಸೂಪರ್ ಕಾಮಿಯೋಕಾಂಡೆ ಎಂಬ ತೊಟ್ಟಿಯಿದೆ. ಅದರಲ್ಲಿ 50,000 ಟನ್ ಅತಿ ಶುದ್ಧ ನೀರು. ಒಳಗೋಡೆಯ ತುಂಬ 11,000ಕ್ಕೂ ಹೆಚ್ಚು ಗಾಜಿನ ಬುರುಡೆಗಳು, ಒಂದೊಂದೂ ಅರ್ಧ ಮೀಟರ್ ಅಗಲ. ಇವು ಬೆಳಕು ಕೊಡುವ ಬುರುಡೆಗಳಲ್ಲ, ಬೆಳಕನ್ನು ಹಿಡಿಯುವ ಫೋಟೊಮಲ್ಟಿಪ್ಲಯರ್‌ಗಳು. ನ್ಯೂಟ್ರಿನೊ ನೀರಿನ ಪರಮಾಣುವಿಗೆ ಬಡಿದರೆ ಎಲೆಕ್ಟ್ರಾನ್ ಅಥವಾ ಅದರ ಭಾರದ ಸೋದರನಂಥ ಮ್ಯುಯಾನ್ ಒಂದು ಚಿಮ್ಮುತ್ತದೆ. ಅದು ನೀರಿನಲ್ಲಿ ಬೆಳಕು ಸಾಗುವುದಕ್ಕಿಂತ ಜೋರಾಗಿ ಓಡುವುದರಿಂದ ಹಿಂದೆ ನೀಲಿ ಬೆಳಕಿನ ಶಂಕುವೊಂದು ಏಳುತ್ತದೆ. ಗೋಡೆಯ ಮೇಲೆ ಅದು ಉಂಗುರವಾಗಿ ಬೀಳುತ್ತದೆ. ಉಂಗುರದ ಅಂಚು ಚೊಕ್ಕವಾಗಿದ್ದರೆ ಮ್ಯುಯಾನ್, ಕಲಸಿಕೊಂಡಂತಿದ್ದರೆ ಎಲೆಕ್ಟ್ರಾನ್. ವಿಶ್ವಕಿರಣಗಳು, ಅಂದರೆ ಬಾಹ್ಯಾಕಾಶದಿಂದ ಬರುವ ಕಣಗಳು, ಬಡಿದು ನಮ್ಮ ವಾತಾವರಣದಲ್ಲಿ ಹುಟ್ಟಿ ಬರುವ ನ್ಯೂಟ್ರಿನೊಗಳಲ್ಲಿ ಇಷ್ಟು ದೊಡ್ಡ ತೊಟ್ಟಿಗೂ ಸಿಗುವುದು ದಿನಕ್ಕೆ ಹತ್ತರ ಆಸುಪಾಸು.

2001ರ ನವೆಂಬರ್ 12ರಂದು ಅಲ್ಲಿ ದುರಸ್ತಿ ಮುಗಿಸಿ ಮತ್ತೆ ನೀರು ತುಂಬುತ್ತಿದ್ದರು. ತಳದ ಒಂದು ಬುರುಡೆ ಒಡೆಯಿತು. ಆ ಆಘಾತ ಪಕ್ಕದ್ದನ್ನು ಒಡೆಯಿತು, ಅದು ಅದರ ಪಕ್ಕದ್ದನ್ನು. ಕೆಲವೇ ಸೆಕೆಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬುರುಡೆಗಳು ಪುಡಿಪುಡಿ. ಉಳಿದವನ್ನೇ ದೂರ ದೂರ ಜೋಡಿಸಿ, ಒಂದೊಂದಕ್ಕೂ ರಕ್ಷಣೆಯ ಚಿಪ್ಪು ತೊಡಿಸಿ, ಮರುವರ್ಷವೇ ಕೆಲಸಕ್ಕೆ ಇಳಿದರು. ಪೂರ್ತಿ ಸರಿಹೋಗಲು 2006ರವರೆಗೆ ಹಿಡಿಯಿತು. ಈ ಕ್ಷೇತ್ರದವರ ಕಸುವು ಎಂಥದ್ದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ಕಥೆಯನ್ನೇ.

ಅದಕ್ಕೆ ಗಣಿಯೊಳಗೇ ಯಾಕೆ ಹೋಗ್ಬೇಕು?

ಸದ್ದಿನಿಂದ ತಪ್ಪಿಸಿಕೊಳ್ಳಲು. ನಿಮ್ಮ ಅಂಗೈಯನ್ನು ಬಿಡಿಸಿ ಹಿಡಿದರೆ, ವಿಶ್ವಕಿರಣಗಳಿಂದ ಹುಟ್ಟಿದ ಮ್ಯುಯಾನ್ ಸುಮಾರಾಗಿ ಸೆಕೆಂಡಿಗೊಂದರಂತೆ ಅದನ್ನು ದಾಟಿಹೋಗುತ್ತದೆ. ಜಾತ್ರೆಯ ನಡುವೆ ಸೂಜಿ ಬಿದ್ದ ಸದ್ದು ಕೇಳಲಾಗದು. ಬಂಡೆ ಮ್ಯುಯಾನ್‌ಗಳನ್ನು ತಡೆಯುತ್ತದೆ, ನ್ಯೂಟ್ರಿನೊವನ್ನು ತಡೆಯುವುದಿಲ್ಲ. ಆಳಕ್ಕೆ ಇಳಿದಷ್ಟೂ ಮೌನ.

## ಕೋಲಾರದ ಪಾಲು

ಕೆಜಿಎಫ್‌ನಲ್ಲಿ ಜಗತ್ತಿನ ಮೊದಲ ನ್ಯೂಟ್ರಿನೊ ಸಿಕ್ಕಿತು ಅಂತ ಮೆಸೇಜ್ ಬಂತು. ನಿಜವಾ?

ಅರ್ಧ ನಿಜ. ಮೊದಲ ನ್ಯೂಟ್ರಿನೊ ಸಿಕ್ಕಿದ್ದು 1956ರಲ್ಲಿ, ರಿಯಾಕ್ಟರ್‌ನಿಂದ ಬಂದದ್ದು. ಕೋಲಾರದಲ್ಲಿ 1965ರಲ್ಲಿ ಸಿಕ್ಕಿದ್ದು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ. ಮನುಷ್ಯ ಕಟ್ಟಿದ ಯಂತ್ರದಿಂದಲ್ಲದೆ ಪ್ರಕೃತಿಯಿಂದ ತಾನಾಗಿ ಬಂದ ನ್ಯೂಟ್ರಿನೊವನ್ನು ಮೊದಲು ಕಂಡವರಲ್ಲಿ ಕೋಲಾರದ ತಂಡವೂ ಒಂದು. ಈ ಗೌರವ ಸಣ್ಣದಲ್ಲ, ಅದನ್ನು ಹಿಗ್ಗಿಸಿ ಹೇಳುವ ಅಗತ್ಯವೂ ಇಲ್ಲ.

ನಡೆದದ್ದು ಹೀಗೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್, ನಂಜನಗೂಡಿನಲ್ಲಿ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, 1950ರ ದಶಕದ ಆರಂಭದಲ್ಲೇ ಕೋಲಾರದ ಗಣಿಗೆ ಉಪಕರಣ ಇಳಿಸಿ ಬೇರೆ ಬೇರೆ ಆಳದಲ್ಲಿ ಮ್ಯುಯಾನ್ ಎಣಿಸತೊಡಗಿದ್ದರು. ಆಳ ಹೆಚ್ಚಿದಂತೆ ಎಣಿಕೆ ಇಳಿಯುತ್ತಾ ಹೋಯಿತು. 1960ರ ದಶಕದ ಮೊದಲಲ್ಲಿ ಇನ್ನೂ ಆಳಕ್ಕೆ ಹೋದ ತಂಡಕ್ಕೆ ಸುಮಾರು ಎರಡು ತಿಂಗಳು ಕಾದರೂ ಒಂದೂ ಮ್ಯುಯಾನ್ ಸಿಗಲಿಲ್ಲ. ಬೇರೆಯವರಾದರೆ ಪ್ರಯೋಗ ಸೋತಿತು ಅನ್ನುತ್ತಿದ್ದರೇನೋ. ಇವರಿಗೆ ಹೊಳೆದದ್ದು ಬೇರೆ: ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಮುಂದೆ ಏನೇ ಸದ್ದಾದರೂ ಅದು ನ್ಯೂಟ್ರಿನೊವಿನದೇ ಇರಬೇಕು.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಕೈಜೋಡಿಸಿದವು. ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2.3 ಕಿಲೋಮೀಟರ್ ಕೆಳಗೆ, ಕಣ ಹಾಯ್ದರೆ ಮಿನುಗುವ ಸಿಂಟಿಲೇಟರ್ ಹಲಗೆಗಳ ಎರಡು ಗೋಡೆಗಳನ್ನು ಎದುರುಬದುರು ನಿಲ್ಲಿಸಿದರು. ನಡುವೆ ಕಣ ಹಾದ ದಾರಿ ತೋರಿಸುವ ನಿಯಾನ್ ಟ್ಯೂಬ್‌ಗಳ ಸಾಲು. ಗೋಡೆಗಳನ್ನು ಹೀಗೆ ನಿಲ್ಲಿಸಿದ್ದರಲ್ಲೇ ಪ್ರಯೋಗದ ಜಾಣ್ಮೆಯಿದೆ. ಅಷ್ಟು ಆಳಕ್ಕೆ ತಲುಪುವ ಅಪರೂಪದ ವಿಶ್ವಕಿರಣ ಮ್ಯುಯಾನ್ ಹೆಚ್ಚುಕಡಿಮೆ ನೇರ ಮೇಲಿಂದಲೇ ಬರಬೇಕು, ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಇನ್ನೂ ಹೆಚ್ಚು. ಹಾಗಾಗಿ ಅಡ್ಡಡ್ಡ ಹಾಯ್ದ ಮ್ಯುಯಾನ್ ಕಂಡರೆ, ಅದು ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಬಡಿದು ಹುಟ್ಟಿದ್ದೇ ಸರಿ. ಅಂಥ ಗೆರೆಗಳು ಸಿಕ್ಕವು. ಎಂ.ಜಿ.ಕೆ. ಮೆನನ್, ವಿ.ಎಸ್. ನರಸಿಂಹಂ, ಮಿಯಾಕೆ, ವುಲ್ಫೆಂಡೇಲ್ ಮುಂತಾದವರಿದ್ದ ತಂಡದ ಪ್ರಬಂಧ 1965ರ ಆಗಸ್ಟ್‌ನಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಹುಡುಕಾಟದಲ್ಲಿದ್ದ ರೈನ್ಸ್ ತಂಡದ ಪ್ರಬಂಧವೂ ಅದೇ ತಿಂಗಳು, ಕೆಲವೇ ದಿನ ತಡವಾಗಿ ಬಂತು.

ಹಾಗಾದ್ರೆ ನೊಬೆಲ್ ಯಾಕೆ ಬರಲಿಲ್ಲ? ಅನ್ಯಾಯ ಅಲ್ವಾ?

ಈ ಪ್ರಶ್ನೆಯಲ್ಲಿರುವ ನೋವು ನನಗೂ ಗೊತ್ತು, ಆದರೂ ಅನ್ಯಾಯ ಎನ್ನಲಾರೆ. ವಾತಾವರಣದ ನ್ಯೂಟ್ರಿನೊಗೆ ನೊಬೆಲ್ ಸಂದದ್ದು 2015ರಲ್ಲಿ. ಅದು ಕಂಡದ್ದಕ್ಕಲ್ಲ, ಅವು ದಾರಿಯಲ್ಲಿ ಬಗೆ ಬದಲಿಸುತ್ತವೆ (ಹೇಗೆಂದು ಮುಂದೆ ಹೇಳಿದ್ದೇನೆ) ಎಂದು ತೋರಿಸಿದ್ದಕ್ಕೆ. ಅದಕ್ಕೆ ಸಾವಿರಗಟ್ಟಲೆ ಘಟನೆಗಳು ಬೇಕು. ಕೋಲಾರದ ಉಪಕರಣಕ್ಕೆ ಸಿಕ್ಕಿದ್ದು ಬೆರಳೆಣಿಕೆ.

ನನ್ನ ಕೊರಗು ಬಹುಮಾನದ್ದಲ್ಲ, ಮುಂದುವರಿಕೆಯದು. ಪ್ರೋಟಾನ್ ತಾನಾಗಿ ಒಡೆಯುತ್ತದೆಯೇ ಎಂದು ನೋಡಲು 1980ರ ಸುಮಾರಿಗೆ ಕೋಲಾರದಲ್ಲಿ 140 ಟನ್ ಕಬ್ಬಿಣದ ಡಿಟೆಕ್ಟರ್ ಕೂತಿತು. ಅದೇ ಪ್ರಶ್ನೆ ಹಿಡಿದು ಜಪಾನಿನಲ್ಲಿ 3,000 ಟನ್ ನೀರಿನ ಕಾಮಿಯೋಕಾಂಡೆ ಎದ್ದಿತು. ಪ್ರೋಟಾನ್ ಒಡೆದದ್ದಕ್ಕೆ ಗಟ್ಟಿ ಪುರಾವೆ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಆದರೆ ಜಪಾನಿನವರು ಅದೇ ಬೆಟ್ಟದಲ್ಲಿ ಮತ್ತೂ ದೊಡ್ಡದನ್ನು ಕಟ್ಟಿದರು, ಈಗ ಮೂರನೆಯದನ್ನು ಕಟ್ಟುತ್ತಿದ್ದಾರೆ. ನಮ್ಮಲ್ಲಿ 1990ರ ದಶಕದ ಮೊದಲಿಗೆ ಪ್ರಯೋಗ ನಿಂತಿತು, 2001ರಲ್ಲಿ ಗಣಿಯೇ ಮುಚ್ಚಿತು.

ಈಗ ಆ ಜಾಗ ನೋಡಲು ಬಿಡ್ತಾರಾ?

ಇಲ್ಲ. ಗಣಿ ಮುಚ್ಚಿ ನೀರೆತ್ತುವ ಪಂಪುಗಳು ನಿಂತ ಮೇಲೆ ಕೆಳಗಿನ ಮಟ್ಟಗಳಲ್ಲಿ ನೀರು ತುಂಬಿಕೊಂಡಿದೆ. ಊರಲ್ಲಿ ಕಾಣುವುದು ಶಾಫ್ಟಿನ ಗೋಪುರಗಳು, ಸೈನೈಡ್ ಗುಡ್ಡಗಳು, ಕಾರ್ಮಿಕರ ಲೈನ್ ಮನೆಗಳು. ಆ ಕಾರ್ಮಿಕರು ದಿನವೂ ಕೇಜಿನಲ್ಲಿ ಇಳಿದು ತೋಡಿಟ್ಟ ಜಾಗದಲ್ಲೇ ವಿಜ್ಞಾನಿಗಳು ತಮ್ಮ ಪೆಟ್ಟಿಗೆಗಳನ್ನು ಇಟ್ಟದ್ದು.

ತೇನಿಯಲ್ಲಿ ಮಾಡ್ತೀವಿ ಅಂದಿದ್ರಲ್ಲ, ಅದೇನಾಯ್ತು?

ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿ ಬೆಟ್ಟದ ಕೆಳಗೆ ಸುರಂಗ ತೋಡಿ 50,000 ಟನ್ ಅಯಸ್ಕಾಂತೀಕರಿಸಿದ ಕಬ್ಬಿಣದ ಡಿಟೆಕ್ಟರ್ ಕಟ್ಟುವ ಯೋಜನೆ ಅದು, ಹೆಸರು ಐಎನ್‌ಒ, ಅಂದರೆ ಭಾರತದ ನ್ಯೂಟ್ರಿನೊ ವೀಕ್ಷಣಾಲಯ. ಸುಮಾರು 1,500 ಕೋಟಿ ರೂಪಾಯಿಯ ಈ ಯೋಜನೆಗೆ ಕೇಂದ್ರ ಸಂಪುಟ 2015ರ ಜನವರಿ ಹೊತ್ತಿಗೆ ಒಪ್ಪಿಗೆ ಕೊಟ್ಟಿತು. ಸ್ಥಳೀಯರ ವಿರೋಧ, ಮೊಕದ್ದಮೆಗಳ ನಂತರ 2022ರಲ್ಲಿ ತಮಿಳುನಾಡು ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಬೇಡ ಎಂದಿತು. ನ್ಯೂಟ್ರಿನೊ ವಿಕಿರಣ ಸೂಸುತ್ತದೆ ಎಂಬ ಭಯಕ್ಕೆ ಆಧಾರವಿರಲಿಲ್ಲ. ಪಶ್ಚಿಮಘಟ್ಟದ ಬಂಡೆ ಸಿಡಿಸುವುದು, ನೀರಿನ ಸೆಲೆ, ಕಾಡಿನ ಬಗ್ಗೆ ಜನ ಎತ್ತಿದ ಪ್ರಶ್ನೆಗಳು ಬೇರೆ, ಅವು ಕೇಳಲೇಬೇಕಾದವು. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಮಾತಾಡಿದ್ದರಿಂದ ಎರಡಕ್ಕೂ ನಷ್ಟವಾಯಿತು ಎಂಬುದು ನನ್ನ ಅಭಿಪ್ರಾಯ. ಮಧುರೈನಲ್ಲಿ ಇದರ 85 ಟನ್‌ನ ಪುಟ್ಟ ಮಾದರಿ ಮಾತ್ರ ತಯಾರಾಗಿದೆ.

## ಸ್ವಲ್ಪ ಆಳಕ್ಕೆ

ಒಂದು ಬಗೆಯದು ಇನ್ನೊಂದಾಗುತ್ತೆ ಅಂದರೆ ಏನರ್ಥ?

ನ್ಯೂಟ್ರಿನೊಗಳಲ್ಲಿ ಮೂರು ಬಗೆ: ಎಲೆಕ್ಟ್ರಾನ್, ಮ್ಯುಯಾನ್, ಟೌ. ಸೂರ್ಯನಲ್ಲಿ ಹುಟ್ಟುವುದು ಎಲೆಕ್ಟ್ರಾನ್ ಬಗೆ ಮಾತ್ರ. ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ ರೇ ಡೇವಿಸ್ 600 ಟನ್‌ಗೂ ಹೆಚ್ಚು ಬಟ್ಟೆ ಶುಚಿ ಮಾಡುವ ದ್ರಾವಣ ತುಂಬಿಸಿ, ಅದರಲ್ಲಿ ನ್ಯೂಟ್ರಿನೊ ಬಡಿದು ಹುಟ್ಟಿದ ಕೆಲವೇ ಹತ್ತು ಆರ್ಗಾನ್ ಪರಮಾಣುಗಳನ್ನು ಹೆಕ್ಕಿ ಎಣಿಸುತ್ತಿದ್ದರು. ಸುಮಾರು ಕಾಲು ಶತಮಾನ ಎಣಿಸಿದರೂ ಲೆಕ್ಕದ ಮೂರನೇ ಒಂದು ಪಾಲೇ ಸಿಗುತ್ತಿತ್ತು. ಅವರ ಎಣಿಕೆ ತಪ್ಪಿರಬೇಕು ಎಂದವರೇ ಹೆಚ್ಚು. ಕೆನಡಾದ ಸಡ್ಬರಿ ಪ್ರಯೋಗ 1,000 ಟನ್ ಭಾರಜಲ ಬಳಸಿ 2001 ಮತ್ತು 2002ರಲ್ಲಿ ಉತ್ತರ ಕೊಟ್ಟಿತು: ಮೂರೂ ಬಗೆ ಕೂಡಿಸಿದರೆ ಲೆಕ್ಕ ಸರಿಯಾಗಿದೆ, ಉಳಿದವು ದಾರಿಯಲ್ಲಿ ಬಗೆ ಬದಲಿಸಿವೆ. ಡೇವಿಸ್ ಸರಿಯಾಗಿಯೇ ಎಣಿಸಿದ್ದರು.

ತಂಬೂರಿ ಶ್ರುತಿ ಮಾಡುವುದನ್ನು ಕೇಳಿದ್ದೀರಾ? ಎರಡು ತಂತಿಗಳು ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿದ್ದು ಎಳ್ಳಷ್ಟು ವ್ಯತ್ಯಾಸವಿದ್ದರೆ, ನಾದ ಏರುತ್ತ ಇಳಿಯುತ್ತ ಅಲೆಯಾಡುತ್ತದೆ. ಎಲೆಕ್ಟ್ರಾನ್ ನ್ಯೂಟ್ರಿನೊ ಅನ್ನುವುದು ಒಂದೇ ತೂಕದ ಕಣವಲ್ಲ, ಬೇರೆ ಬೇರೆ ತೂಕದ ಮೂರು ಅಲೆಗಳ ಬೆರಕೆ. ತೂಕದ ವ್ಯತ್ಯಾಸದಿಂದ ಅವು ಸಾಗುತ್ತ ಸಾಗುತ್ತ ಹೆಜ್ಜೆ ತಪ್ಪುತ್ತವೆ, ಬೆರಕೆ ಬದಲಾಗುತ್ತದೆ. ಮೂರಕ್ಕೂ ತೂಕವೇ ಇಲ್ಲದಿದ್ದರೆ ಈ ಏರಿಳಿತ ಇರುತ್ತಲೇ ಇರಲಿಲ್ಲ. ನ್ಯೂಟ್ರಿನೊಗೆ ತೂಕವಿದೆ ಎಂದು ಗೊತ್ತಾದದ್ದು ಹೀಗೆ.

ಹಾಗಾದರೆ ತೂಕ ಎಷ್ಟು ಅಂತ ನೇರವಾಗಿ ಹೇಳಿ.

ಮೇಲಿನ ಮಿತಿ ಮಾತ್ರ ಹೇಳಬಹುದು: 0.45 ಎಲೆಕ್ಟ್ರಾನ್‌ವೋಲ್ಟ್‌ಗಿಂತ (ಕಣಗಳ ತೂಕ ಹೇಳಲು ಬಳಸುವ ಶಕ್ತಿಯ ಅಳತೆ) ಕಡಿಮೆ. ಎಲೆಕ್ಟ್ರಾನ್‌ನದು 5,11,000. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿರುವ ಕಾಟ್ರಿನ್ ಪ್ರಯೋಗ 2025ರಲ್ಲಿ ಪ್ರಕಟಿಸಿದ ಅಂಕಿ ಇದು. ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಒಡೆದಾಗ ಚಿಮ್ಮುವ ಎಲೆಕ್ಟ್ರಾನ್‌ಗಳಲ್ಲಿ ಅತಿ ಹೆಚ್ಚು ಶಕ್ತಿಯವನ್ನು ಸೋಸಿ, ನ್ಯೂಟ್ರಿನೊ ತನ್ನ ತೂಕಕ್ಕಾಗಿ ಎಷ್ಟು ಶಕ್ತಿ ಉಳಿಸಿಕೊಂಡಿತು ಎಂದು ನೋಡುತ್ತಾರೆ.

ಸೋಸುವ ಆ ಉಕ್ಕಿನ ಪಾತ್ರೆ 200 ಟನ್ ತೂಕದ್ದು, 10 ಮೀಟರ್ ಅಗಲ. ಅದು ತಯಾರಾದ ಊರು ಕಾರ್ಲ್ಸ್‌ರೂಹೆಯಿಂದ ಸುಮಾರು 400 ಕಿಲೋಮೀಟರ್. ಅಷ್ಟು ದೊಡ್ಡದು ರಸ್ತೆಯಲ್ಲಿ ಹಿಡಿಯುವುದಿಲ್ಲವೆಂದು 2006ರಲ್ಲಿ ಡ್ಯಾನ್ಯೂಬ್ ನದಿಯಲ್ಲಿ ಇಳಿಸಿ, ಕಪ್ಪು ಸಮುದ್ರ, ಮೆಡಿಟರೇನಿಯನ್, ಅಟ್ಲಾಂಟಿಕ್ ಸುತ್ತಿಸಿ, ರೈನ್ ನದಿಯಲ್ಲಿ ಹತ್ತಿಸಿ ತಂದರು. ಒಟ್ಟು ಸುಮಾರು 9,000 ಕಿಲೋಮೀಟರ್. ಕೊನೆಯಲ್ಲಿ ಹಳ್ಳಿಯ ಬೀದಿಯಲ್ಲಿ ಮನೆಗಳ ಗೋಡೆಗೆ ತಾಗುವಷ್ಟು ಹತ್ತಿರದಲ್ಲಿ ಅದು ಸಾಗಿದ ಫೋಟೊ ಸಿಕ್ಕರೆ ನೋಡಿ.

ಬೆಳಕಿಗಿಂತ ವೇಗವಾಗಿ ಓಡುತ್ತೆ ಅಂತ ಪೇಪರ್‌ನಲ್ಲಿ ಬಂದಿತ್ತಲ್ಲ?

2011ರ ಸುದ್ದಿ. ಜಿನೀವಾದಿಂದ ಇಟಲಿಯ ಗ್ರಾನ್ ಸಾಸೊಗೆ 730 ಕಿಲೋಮೀಟರ್ ಹೋದ ನ್ಯೂಟ್ರಿನೊ 60 ನ್ಯಾನೊಸೆಕೆಂಡ್ ಬೇಗ ತಲುಪಿದಂತೆ ಕಂಡಿತು. ಸರಿಯಾಗಿ ಕೂರದ ಆಪ್ಟಿಕಲ್ ಫೈಬರ್ ಕೇಬಲ್ ಮುಖ್ಯ ಕಾರಣ ಎಂದು ಆ ತಂಡವೇ ಪತ್ತೆ ಮಾಡಿ ಹೇಳಿತು.

## ಈಗ ನಡೆಯುತ್ತಿರುವುದು

ಚೀನಾದ ಜೂನೊ ಬಗ್ಗೆ ಓದಿದೆ. ಅದು ಹುಡುಕ್ತಿರೋದು ಏನನ್ನ?

ಮೂರು ತೂಕಗಳ ಕ್ರಮವನ್ನು. ಎರಡು ತೂಕಗಳು ಹತ್ತಿರ ಹತ್ತಿರ, ಒಂದು ದೂರ ಎಂದು ಗೊತ್ತಿದೆ. ದೂರದ್ದು ಆ ಎರಡಕ್ಕಿಂತ ಭಾರವೋ ಹಗುರವೋ ಗೊತ್ತಿಲ್ಲ.

ಗುವಾಂಗ್‌ಡಾಂಗ್ ಪ್ರಾಂತದಲ್ಲಿ ನೆಲದಿಂದ 700 ಮೀಟರ್ ಕೆಳಗೆ, 35 ಮೀಟರ್ ಅಗಲದ ಪಾರದರ್ಶಕ ಅಕ್ರಿಲಿಕ್ ಗೋಳದಲ್ಲಿ 20,000 ಟನ್ ಮಿನುಗುವ ದ್ರವ ತುಂಬಿದ್ದಾರೆ. ಎರಡು ಅಣುಸ್ಥಾವರಗಳಿಂದ ಅದು ಸುಮಾರು 53 ಕಿಲೋಮೀಟರ್ ದೂರ, ಆ ದೂರವನ್ನು ಬೇಕೆಂದೇ ಆರಿಸಿದ್ದು. ಸ್ಥಾವರದಿಂದ ಬಂದ ಪ್ರತಿನ್ಯೂಟ್ರಿನೊ (ನ್ಯೂಟ್ರಿನೊವಿಗೆ ಕನ್ನಡಿಯ ಬಿಂಬದಂಥ ಪ್ರತಿಕಣ) ದ್ರವದ ಪ್ರೋಟಾನ್‌ಗೆ ಬಡಿದರೆ ಮೊದಲು ಒಂದು ಮಿಂಚು, ಸೆಕೆಂಡಿನ ಸುಮಾರು ಐದು ಸಾವಿರದಲ್ಲಿ ಒಂದು ಪಾಲು ಬಿಟ್ಟು ಇನ್ನೊಂದು. ಮೊದಲನೆಯದು ಎಲೆಕ್ಟ್ರಾನ್‌ನ ಪ್ರತಿಕಣವಾದ ಪಾಸಿಟ್ರಾನ್‌ನದು, ಎರಡನೆಯದು ಅಲೆದಾಡಿದ ನ್ಯೂಟ್ರಾನ್ ಸಿಕ್ಕಿಬಿದ್ದಾಗಿನದು. ಈ ಜೋಡಿ ಮಿಂಚೇ ನ್ಯೂಟ್ರಿನೊವಿನ ಸಹಿ. 1956ರಲ್ಲಿ ರೈನ್ಸ್ ಮತ್ತು ಕೋವನ್ ನಂಬಿದ್ದೂ ಇಂಥದೇ ಜೋಡಿಯನ್ನು. ಮಿಂಚಿನ ಪ್ರಖರತೆಯಿಂದ ಶಕ್ತಿ ಅಳೆದು ಗ್ರಾಫ್ ಬರೆದು, ಅದರ ದೊಡ್ಡ ಅಲೆಯ ಮೇಲೆ ಕೂತ ಸಣ್ಣ ಸಣ್ಣ ಅಲೆಗಳು ಎತ್ತ ಸರಿದಿವೆ ಎಂದು ನೋಡಬೇಕು. ತೂಕದ ಕ್ರಮ ಅಡಗಿರುವುದು ಅಲ್ಲಿ.

2025ರ ಆಗಸ್ಟ್ 26ರಂದು ಜೂನೊ ಕೆಲಸ ಶುರುಮಾಡಿತು. ಮೊದಲ 59 ದಿನಗಳ ದತ್ತಾಂಶದಿಂದಲೇ ಸೌರ ನ್ಯೂಟ್ರಿನೊಗಳಿಗೆ ಸಂಬಂಧಿಸಿದ ಎರಡು ಅಳತೆಗಳನ್ನು ಅದು ಹಿಂದಿನ ಎಲ್ಲವಕ್ಕಿಂತ ನಿಖರವಾಗಿ ಕೊಟ್ಟಿತು. ಕ್ರಮದ ಉತ್ತರಕ್ಕೆ ಇನ್ನೂ ಹಲವು ವರ್ಷ ಬೇಕು.

ವಿಶ್ವದಲ್ಲಿ ಪ್ರತಿದ್ರವ್ಯ ಯಾಕೆ ಉಳಿಯಲಿಲ್ಲ ಅನ್ನೋದಕ್ಕೂ ನ್ಯೂಟ್ರಿನೊಗೂ ಏನು ಸಂಬಂಧ?

ಪ್ರತಿದ್ರವ್ಯ ಅಂದರೆ ಪ್ರತಿಕಣಗಳಿಂದಾದ ದ್ರವ್ಯ. ನ್ಯೂಟ್ರಿನೊ ಮತ್ತು ಪ್ರತಿನ್ಯೂಟ್ರಿನೊ ಬಗೆ ಬದಲಿಸುವ ರೀತಿಯಲ್ಲಿ ವ್ಯತ್ಯಾಸವಿದ್ದರೆ, ದ್ರವ್ಯದ ಕಡೆಗೆ ತಕ್ಕಡಿ ವಾಲಿದ್ದಕ್ಕೆ ಒಂದು ಸುಳಿವಾದೀತು. ಜಪಾನಿನ ಟಿ2ಕೆ 295 ಕಿಲೋಮೀಟರ್, ಅಮೆರಿಕದ ನೋವಾ 810 ಕಿಲೋಮೀಟರ್ ದೂರಕ್ಕೆ ಕಣಗಳನ್ನು ಕಳಿಸಿ ನೋಡುತ್ತ ಬಂದಿವೆ. ಎರಡೂ ತಂಡ 2025ರಲ್ಲಿ ದತ್ತಾಂಶ ಕೂಡಿಸಿ ಪ್ರಕಟಿಸಿದವು, ತೀರ್ಪು ಇನ್ನೂ ಬಂದಿಲ್ಲ. ಅದಕ್ಕಾಗಿಯೇ ದೊಡ್ಡವು ಎರಡು ಬರುತ್ತಿವೆ. ಜಪಾನಿನ ಹೈಪರ್ ಕಾಮಿಯೋಕಾಂಡೆಯಲ್ಲಿ ಸುಮಾರು 2,60,000 ಟನ್ ನೀರು ಇರಲಿದೆ. ಅಮೆರಿಕದ ಡ್ಯೂನ್ ಷಿಕಾಗೊ ಹತ್ತಿರದ ಫರ್ಮಿಲ್ಯಾಬ್‌ನಿಂದ ದಕ್ಷಿಣ ಡಕೋಟಕ್ಕೆ 1,300 ಕಿಲೋಮೀಟರ್ ಕಣ ಕಳಿಸಿ, ಮೈನಸ್ 186 ಡಿಗ್ರಿಯ ದ್ರವ ಆರ್ಗಾನ್‌ನಲ್ಲಿ ಹಿಡಿಯಲಿದೆ. ಸುರಂಗವೇನೂ ಬೇಡ, ಭೂಮಿಯೊಳಗೇ ನೇರ ಹೋಗುತ್ತವೆ. 2024ರಲ್ಲಿ ಅಲ್ಲಿ ಸುಮಾರು 8 ಲಕ್ಷ ಟನ್ ಬಂಡೆ ತೋಡಿ ಮುಗಿಸಿದರು. ಅದು ಡೇವಿಸ್ ಎಣಿಸುತ್ತ ಕೂತಿದ್ದ ಹೋಮ್‌ಸ್ಟೇಕ್ ಗಣಿಯೇ. ಚಿನ್ನದ ಗಣಿಯೊಂದು ಮುಚ್ಚಿದ ಮೇಲೆ ಹೀಗೂ ಬದುಕಬಹುದು ಎಂದು ಕೋಲಾರದವರಿಗೆ ಹೇಳುವಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ನ್ಯೂಟ್ರಿನೊ ತನಗೆ ತಾನೇ ಪ್ರತಿಕಣ ಆಗಿರಬಹುದಾ?

ಆಗಿದ್ದರೆ ಅತಿ ಅಪರೂಪದ ಒಂದು ವಿಘಟನೆ ಕಾಣಬೇಕು: ನ್ಯೂಕ್ಲಿಯಸ್ ಒಮ್ಮೆಗೇ ಎರಡು ಎಲೆಕ್ಟ್ರಾನ್ ಉಗುಳಬೇಕು, ನ್ಯೂಟ್ರಿನೊ ಒಂದೂ ಹೊರಬರಬಾರದು. ಜಪಾನಿನ ಕಾಮ್‌ಲ್ಯಾಂಡ್-ಜೆನ್ ಪ್ರಯೋಗ ಕ್ಸೆನಾನ್‌ನಲ್ಲಿ ಹುಡುಕಿದೆ, ಇಟಲಿಯ ಲೆಜೆಂಡ್ ಜರ್ಮೇನಿಯಂನಲ್ಲಿ ಹುಡುಕುತ್ತಿದೆ. ಇದುವರೆಗೆ ಕಂಡಿಲ್ಲ. ಇಲ್ಲಿ ಶತ್ರು ಸುತ್ತಲಿನ ವಿಕಿರಣ. ಕಾಪಾಡಲು ಇಡುವ ಸೀಸದಲ್ಲೇ ಸ್ವಲ್ಪ ವಿಕಿರಣಶೀಲ ಸೀಸ ಇರುತ್ತದೆ, ಅದು ಅರ್ಧವಾಗಲು 22 ವರ್ಷ ಬೇಕು. ಅದಕ್ಕೇ ಗ್ರಾನ್ ಸಾಸೊದ ಕ್ವೋರೆ ಪ್ರಯೋಗದವರು ಸಾರ್ಡಿನಿಯಾ ಬಳಿ ಸುಮಾರು 2,000 ವರ್ಷದ ಹಿಂದೆ ಮುಳುಗಿದ ರೋಮನ್ ಹಡಗಿನ ಸೀಸದ ಗಟ್ಟಿಗಳನ್ನು ಕರಗಿಸಿ ಬಳಸಿದ್ದಾರೆ. ಗಟ್ಟಿಗಳ ಮೇಲಿನ ರೋಮನ್ ಮುದ್ರೆಗಳನ್ನು ಮೊದಲು ಕತ್ತರಿಸಿ ತೆಗೆದು ಕಾಪಾಡಿದರು.

ನಾಲ್ಕನೇ ಬಗೆ ಇದೆಯಂತೆ?

ಇರುವ ಸಾಧ್ಯತೆ ಕುಗ್ಗುತ್ತಿದೆ. 1990ರ ದಶಕದಿಂದ ಕೆಲವು ಪ್ರಯೋಗಗಳಲ್ಲಿ ಕಂಡ ಹೆಚ್ಚುವರಿ ಎಣಿಕೆಯನ್ನು ನಾಲ್ಕನೆಯ ಒಂದೇ ಬಗೆಯಿಂದ ವಿವರಿಸಲಾಗದು ಎಂದು ಫರ್ಮಿಲ್ಯಾಬ್‌ನ ಮೈಕ್ರೊಬೂನ್ 2025ರ ಡಿಸೆಂಬರಿನಲ್ಲಿ ಹೇಳಿತು. ಆ ಹೆಚ್ಚುವರಿ ಎಲ್ಲಿಂದ ಬಂತೆಂಬ ಪ್ರಶ್ನೆ ಮಾತ್ರ ಹಾಗೇ ಇದೆ.

ನಕ್ಷತ್ರಗಳಿಂದ ಬರುವವನ್ನು ಹಿಡಿದಿದ್ದಾರಾ?

1987ರ ಫೆಬ್ರುವರಿ 23ರಂದು ನೆರೆಯ ಗ್ಯಾಲಕ್ಸಿಯಲ್ಲಿ ನಕ್ಷತ್ರವೊಂದು ಸಿಡಿದದ್ದು ಕಂಡಾಗ ಮೂರು ಡಿಟೆಕ್ಟರ್‌ಗಳಿಗೆ ಸೇರಿ ಸುಮಾರು 25 ನ್ಯೂಟ್ರಿನೊ ಸಿಕ್ಕವು, ಬೆಳಕು ತಲುಪುವ ಕೆಲವು ಗಂಟೆ ಮೊದಲೇ. ಈಗ ದಕ್ಷಿಣ ಧ್ರುವದಲ್ಲಿ ಒಂದು ಘನ ಕಿಲೋಮೀಟರ್ ಮಂಜುಗಡ್ಡೆಯೊಳಗೆ 5,160 ಸಂವೇದಕಗಳನ್ನು ಇಳಿಬಿಟ್ಟ ಐಸ್‌ಕ್ಯೂಬ್ ಇದೆ. ಸಿಸಿಲಿಯ ಬಳಿ ಸಮುದ್ರದಡಿ ಇನ್ನೂ ಕಟ್ಟುತ್ತಿರುವ ಕೆಎಂ3ನೆಟ್‌ಗೆ 2023ರ ಫೆಬ್ರುವರಿ 13ರಂದು ಅದುವರೆಗಿನ ಅತಿ ಶಕ್ತಿಶಾಲಿ ನ್ಯೂಟ್ರಿನೊ ಸಿಕ್ಕಿತು. ಅದು ಎಲ್ಲಿಂದ ಹೊರಟಿತ್ತು ಎಂದು ಇನ್ನೂ ಗೊತ್ತಾಗಿಲ್ಲ.

ಮಗಳು ಬಿಎಸ್ಸಿ ಎರಡನೇ ವರ್ಷ. ಈ ದಾರಿಗೆ ಹೋಗಬೇಕಂತಾಳೆ. ಏನು ಮಾಡಲಿ?

ತಡೆಯಬೇಡಿ. ಎಂಎಸ್ಸಿ ನಂತರ ಜೆಸ್ಟ್, ಗೇಟ್ ಅಥವಾ ಟಾಟಾ ಸಂಸ್ಥೆಯ ಪ್ರವೇಶ ಪರೀಕ್ಷೆ ಬರೆದು ಪಿಎಚ್‌ಡಿಗೆ ಸೇರುವುದು ಸಾಮಾನ್ಯ ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೂ ಅಂತರರಾಷ್ಟ್ರೀಯ ಕಣಭೌತ ಪ್ರಯೋಗಗಳಲ್ಲಿ ಕೆಲಸ ಮಾಡುವವರಿದ್ದಾರೆ. ಈಗಿಂದಲೇ ಪ್ರೋಗ್ರಾಮಿಂಗ್ ಮತ್ತು ಸಂಖ್ಯಾಶಾಸ್ತ್ರ ಗಟ್ಟಿ ಮಾಡಿಕೊಳ್ಳಲಿ. ಸೋಲ್ಡರಿಂಗ್ ಕಲಿಯಲಿ. ಮನೆಯಲ್ಲೇ ಕ್ಲೌಡ್ ಚೇಂಬರ್ ಮಾಡಬಹುದು: ಗಾಜಿನ ಡಬ್ಬಿ, ಮೇಲೆ ಸ್ಪಿರಿಟ್‌ನಲ್ಲಿ ನೆನೆಸಿದ ಬಟ್ಟೆ, ಕೆಳಗೆ ಡ್ರೈ ಐಸ್. ಸ್ಪಿರಿಟ್ ಹತ್ತಿರ ಬೆಂಕಿ ಬೇಡ, ಡ್ರೈ ಐಸ್ ಮುಟ್ಟಲು ಕೈಗವಸು ಬೇಕು, ಕಿಟಕಿ ತೆರೆದಿರಲಿ. ಕೋಣೆ ಕತ್ತಲು ಮಾಡಿ ಓರೆಯಾಗಿ ಟಾರ್ಚ್ ಹಿಡಿದು ಹತ್ತು ನಿಮಿಷ ಕಾದರೆ ಬಿಳಿ ದಾರದಂಥ ಗೆರೆಗಳು ಮೂಡಿ ಕರಗುತ್ತವೆ. ಅವುಗಳಲ್ಲಿ ಕೆಲವು ಮ್ಯುಯಾನ್‌ಗಳು. ಅವಳ ಜೊತೆ ನೀವೂ ಕೂತು ನೋಡಿ.